ಹದಿಮೂರು ದಿನಗಳ ಮೌನ

ಕೆಲವು ಭಾನುವಾರಗಳ ಹಿಂದೆ ಪರಿಚಿತ ಕುಟುಂಬವೊಂದರ ಮನೆಗೆ ಸಂಜೆಯ ಹೊತ್ತು ಹೋಗಿದ್ದೆ. ಮನೆಯ ಯಜಮಾನರೂ ಅವರ ಪತ್ನಿಯೂ ಬಾಗಿಲಿಗೆ ಬಂದು ಬರಮಾಡಿಕೊಂಡರು. ಹೈಸ್ಕೂಲಿನಲ್ಲಿ ಓದುವ ಮಗ ಮಾತ್ರ ಟಿ.ವಿ.ಯ ಮುಂದಿನಿಂದ ಏಳಲಿಲ್ಲ. ತಾಯಿ ಗದರಿದ ಮೇಲೆ ಎದ್ದು ನಿಂತು, "ನಮಸ್ಕಾರ ಫಾದರ್" ಎಂದು ಹೇಳಿ, ಮತ್ತೆ ಅಲ್ಲೇ ಕುಳಿತ. ಕಾಫಿ ಬರುವವರೆಗೆ ನಾನೂ ಅವನ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಫಾರ್ಮುಲಾ ಒನ್ ಕಾರುಗಳ ಓಟ ನಡೆದಿತ್ತು. ಒಂದೇ ಬಣ್ಣದ ಎರಡು ಕಾರುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಂತೆ ಓಡುತ್ತಿದ್ದವು. ಹಿಂದಿನ ಕಾರು ಎಲ್ಲಿ ಮುಂದಿನದನ್ನು ದಾಟಿಬಿಡುವುದೋ ಎಂದು ಹುಡುಗ ಉಗುರು ಕಚ್ಚುತ್ತಿದ್ದ.

"ಇಬ್ಬರೂ ಒಂದೇ ತಂಡದವರಲ್ಲವೇನಪ್ಪಾ? ಯಾರು ಮುಂದೆ ಬಂದರೇನು?" ಎಂದು ಕೇಳಿದೆ.

ಅವನು ನನ್ನ ಅಜ್ಞಾನಕ್ಕೆ ಮರುಗಿದವನಂತೆ ನೋಡಿ, "ಒಂದೇ ಟೀಮ್ ಆಗಿರೋದಕ್ಕೇ ಫಾದರ್ ಅಷ್ಟು ಜಗಳ" ಎಂದ.

ಆ ಹುಡುಗನ ಉತ್ತರ ದಾರಿಯುದ್ದಕ್ಕೂ ನನ್ನೊಡನೆ ಬಂತು. ಅವನು ಹೇಳಿದ್ದು ನಿಜ. ಈ ಕ್ರೀಡೆಯಲ್ಲಿ ಪ್ರತಿ ತಂಡವೂ ಎರಡು ಕಾರುಗಳನ್ನು ಕಣಕ್ಕಿಳಿಸುತ್ತದೆ. ಇಬ್ಬರು ಚಾಲಕರೂ ಗಳಿಸಿದ ಅಂಕಗಳು ಕೂಡಿ ತಂಡದ ಪ್ರಶಸ್ತಿಗೆ ಲೆಕ್ಕವಾಗುತ್ತವೆ. ಆದರೆ ವಿಶ್ವ ಚಾಂಪಿಯನ್ ಎಂಬ ಹೆಸರು ಒಬ್ಬ ಚಾಲಕನಿಗೆ ಮಾತ್ರ. ಬೇರೆ ತಂಡದವನೆದುರು ಸೋತರೆ, ಅವನ ಎಂಜಿನ್ ಬಲವಾಗಿತ್ತು, ನಮ್ಮ ಟೈರು ಕೈಕೊಟ್ಟಿತು ಎಂದು ಹೇಳಿಕೊಳ್ಳಬಹುದು. ಅದೇ ಕಾರ್ಖಾನೆಯಲ್ಲಿ ತಯಾರಾದ, ಅದೇ ಎಂಜಿನ್ನಿನ ಕಾರನ್ನು ಓಡಿಸುವ ಜೊತೆಗಾರನೆದುರು ಸೋತರೆ ಹೇಳಲು ನೆಪ ಉಳಿಯುವುದಿಲ್ಲ. ಆದುದರಿಂದ ಪ್ರತಿ ಚಾಲಕನೂ ಮೊದಲು ಸೋಲಿಸಬೇಕಾದವನು ತನ್ನ ಜೊತೆಗಾರನೇ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಊರವರು ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಳೆಯುವುದೂ ಹೀಗೆಯೇ ಅಲ್ಲವೇ?

ಲೂಯಿಸ್ ಹ್ಯಾಮಿಲ್ಟನ್ ಮತ್ತು ನಿಕೊ ರೋಸ್‌ಬರ್ಗ್ ಎಂಬಿಬ್ಬರ ಹೆಸರನ್ನು ಆ ಹುಡುಗ ಅಂದೇ ಹೇಳಿದ್ದ. ಹುಡುಗರಾಗಿದ್ದಾಗ ಪುಟ್ಟ ಕಾರ್ಟ್ ಗಾಡಿಗಳನ್ನು ಒಂದೇ ತಂಡಕ್ಕಾಗಿ ಓಡಿಸಿದ ಗೆಳೆಯರು ಅವರು. 2013ರಲ್ಲಿ ಮರ್ಸಿಡಿಸ್ ತಂಡದಲ್ಲಿ ಮತ್ತೆ ಒಂದಾದರು. 2016ರ ಸ್ಪೇನ್ ಓಟದ ಮೊದಲ ಸುತ್ತಿನಲ್ಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಇಬ್ಬರೂ ಹೊರಬಿದ್ದರು. ಆ ವರ್ಷ ರೋಸ್‌ಬರ್ಗ್ ಕೇವಲ 5 ಅಂಕಗಳ ಅಂತರದಿಂದ ಚಾಂಪಿಯನ್ ಆದರು. ಐದೇ ದಿನಗಳಲ್ಲಿ ನಿವೃತ್ತಿಯನ್ನೂ ಘೋಷಿಸಿದರು. ಇದು ಇಂದಿನ ಮಕ್ಕಳಿಗೆ ತಿಳಿದ ಕಥೆ. ನನಗೆ ನೆನಪಾದದ್ದು ಇನ್ನೂ ಹಳೆಯದು. ಹಿಂದೊಮ್ಮೆ ಓದಿದಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಅದನ್ನೇ ಇಲ್ಲಿ ತಮ್ಮ ಮುಂದಿಡುತ್ತೇನೆ.

ಇಟಲಿಯ ಫೆರಾರಿ ತಂಡದಲ್ಲಿ 1981 ಮತ್ತು 1982ರಲ್ಲಿ ಇಬ್ಬರು ಜೊತೆಗಾರರಿದ್ದರು. ಒಬ್ಬರು ಜಿಲ್ ವಿಲ್ನೆವ್. ಕೆನಡಾದ ಕ್ವಿಬೆಕ್ ಪ್ರಾಂತ್ಯದವರು. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ಪಂದ್ಯಗಳಲ್ಲಿ ಪಳಗಿ ಬಂದವರು. ಕಾರನ್ನು ಅದರ ಮಿತಿಗಿಂತಲೂ ಆಚೆಗೆ ಓಡಿಸುವವರೆಂದು ಇಟಲಿಯ ಜನ ಅವರನ್ನು ಮಗನಂತೆ ಪ್ರೀತಿಸಿದರು. ಇನ್ನೊಬ್ಬರು ದಿದಿಯೆ ಪಿರೋನಿ. ಫ್ರಾನ್ಸಿನವರು, ವಿಲ್ನೆವ್‌ಗಿಂತ ಎರಡು ವರ್ಷ ಚಿಕ್ಕವರು, ಚಾಂಪಿಯನ್ ಆಗಲೇಬೇಕೆಂಬ ಹಟದವರು. ಒಬ್ಬರ ಕಾರಿನ ಮೇಲೆ 27, ಇನ್ನೊಬ್ಬರದರ ಮೇಲೆ 28. ಮೊದಲ ವರ್ಷ ಕಾರು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ವಿಲ್ನೆವ್ ಎರಡು ಓಟಗಳನ್ನು ಗೆದ್ದರು. ಪಿರೋನಿ ಒಂದನ್ನೂ ಗೆಲ್ಲಲಿಲ್ಲ. ಆಗ ಅವರ ನಡುವೆ ಜಗಳವಿರಲಿಲ್ಲ. ಜಗಳಕ್ಕೆ ಕಾರಣವಾಗುವಷ್ಟು ಗೆಲುವು ಇನ್ನೂ ಆ ಮನೆಗೆ ಬಂದಿರಲಿಲ್ಲ.

ವಿಲ್ನೆವ್ ಪೈಪೋಟಿಗೆ ಅಂಜುವವರಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 1979ರ ಫ್ರೆಂಚ್ ಗ್ರ್ಯಾನ್ ಪ್ರಿ ಓಟ ದಿಜೋಂ ಎಂಬಲ್ಲಿ ನಡೆಯಿತು. ಕೊನೆಯ ಸುತ್ತುಗಳಲ್ಲಿ ಎರಡನೆಯ ಸ್ಥಾನಕ್ಕಾಗಿ ಅವರಿಗೂ ರೆನೋ ತಂಡದ ರೆನೆ ಆರ್ನೂ ಅವರಿಗೂ ನಡೆದ ಸೆಣಸಾಟವನ್ನು ಇಂದಿಗೂ ಜನ ನೋಡುತ್ತಾರೆ. ಚಕ್ರಕ್ಕೆ ಚಕ್ರ ತಾಗಿತು, ಕಾರುಗಳು ದಾರಿಯಿಂದ ಹೊರಗೂ ಜಾರಿದವು. ಓಟ ಮುಗಿದ ಮೇಲೆ ಇಬ್ಬರೂ ನಕ್ಕು ಕೈಕುಲುಕಿದರು. ಕೊನೆಯವರೆಗೂ ಗೆಳೆಯರಾಗಿಯೇ ಉಳಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಇನ್ನೊಂದು ಓಟ. ಆಗ ಫೆರಾರಿಯಲ್ಲಿ ಅವರ ಜೊತೆಗಾರರು ದಕ್ಷಿಣ ಆಫ್ರಿಕಾದ ಜೋಡಿ ಶೆಕ್ಟರ್. ಆ ಓಟವನ್ನು ಗೆದ್ದರೆ ಶೆಕ್ಟರ್ ವಿಶ್ವ ಚಾಂಪಿಯನ್. ವಿಲ್ನೆವ್ ಅವರ ಬೆನ್ನಿಗೇ ಇದ್ದರು. ದಾಟಿದ್ದರೆ ತಮಗೂ ಆ ಪಟ್ಟದ ಆಸೆ ಉಳಿಯುತ್ತಿತ್ತು. ದಾಟಲಿಲ್ಲ. ತಂಡದಲ್ಲಿ ಮಾತಾಗಿತ್ತು; ಆ ಮಾತನ್ನು ಅವರು ಉಳಿಸಿಕೊಂಡರು. ಕೊನೆಗೆ ಶೆಕ್ಟರ್‌ಗೆ 51 ಅಂಕ, ವಿಲ್ನೆವ್‌ಗೆ 47. ತನ್ನ ಸರದಿಯೂ ಒಂದು ದಿನ ಬರುವುದು, ಆಗ ಇನ್ನೊಬ್ಬನು ನನಗಾಗಿ ಹೀಗೆಯೇ ನಿಲ್ಲುವನು ಎಂಬ ನಂಬಿಕೆಯಿಂದಲೇ ಮನುಷ್ಯ ಇಂಥ ತ್ಯಾಗ ಮಾಡುತ್ತಾನೆ.

ಇನ್ನು 1982ರ ಏಪ್ರಿಲ್ 25ಕ್ಕೆ ಬರೋಣ. ಊರು ಇಟಲಿಯ ಇಮೋಲಾ. ನಿಯಮಗಳ ವಿಚಾರದಲ್ಲಿ ಎದ್ದ ವಿವಾದದಿಂದ ಅನೇಕ ತಂಡಗಳು ಬಹಿಷ್ಕಾರ ಹಾಕಿದ್ದವು. ಕಣದಲ್ಲಿದ್ದುದು ಬರೀ 14 ಕಾರುಗಳು. 60 ಸುತ್ತುಗಳ ಆ ಓಟದಲ್ಲಿ ಮುಂದಿದ್ದ ರೆನೋ ಕಾರುಗಳಲ್ಲಿ ಒಂದು ಬೇಗನೆ ಕೆಟ್ಟು ನಿಂತಿತು. ಇನ್ನೊಂದು, ಆರ್ನೂ ಅವರದು, 44ನೆಯ ಸುತ್ತಿನಲ್ಲಿ ನಿಂತಿತು. ಉಳಿದದ್ದು ಎರಡು ಕೆಂಪು ಫೆರಾರಿ ಕಾರುಗಳು. ವಿಲ್ನೆವ್ ಮುಂದೆ, ಪಿರೋನಿ ಹಿಂದೆ. ತವರಿನ ಜನರಿಗೆ ಹಬ್ಬ. ಇಂಧನ ಸಾಲದೆ ಹೋದೀತು, ಕಾರು ಕೆಟ್ಟೀತು ಎಂಬ ಚಿಂತೆ ತಂಡದವರಿಗೆ. ಅಂದು ಚಾಲಕರಿಗೆ ಸುದ್ದಿ ತಿಳಿಸುತ್ತಿದ್ದುದು ದಾರಿಯ ಪಕ್ಕದಲ್ಲಿ ಹಿಡಿಯುವ ಹಲಗೆಯ ಮೂಲಕ. ಫೆರಾರಿಯವರು ಹಿಡಿದ ಹಲಗೆಯ ಮೇಲೆ ಒಂದೇ ಪದ: 'ಸ್ಲೋ'. ನಿಧಾನ.

ಆ ಒಂದು ಪದವನ್ನು ಇಬ್ಬರು ಎರಡು ಬಗೆಯಾಗಿ ಓದಿದರು. ನಿಧಾನವಾಗಿ, ಈಗಿರುವ ಸ್ಥಾನದಲ್ಲೇ ಓಟ ಮುಗಿಸಿರಿ ಎಂದು ವಿಲ್ನೆವ್ ತಿಳಿದರು. ತಂಡದಲ್ಲಿ ಹಿಂದಿನಿಂದ ಬಂದ ರೂಢಿ ಅದೇ. ಮೊಂಜಾದಲ್ಲಿ ಅವರೇ ನಡೆಸಿಕೊಟ್ಟಿದ್ದರು. ಕಾರನ್ನು ಕೆಡಿಸಿಕೊಳ್ಳಬೇಡಿ ಎಂಬುದಷ್ಟೇ ಅದರ ಅರ್ಥ, ಸ್ಥಾನದ ಮಾತು ಅದರಲ್ಲಿರಲಿಲ್ಲ ಎಂದು ಪಿರೋನಿ ಮುಂದೆ ವಾದಿಸಿದರು. ಪಿರೋನಿ ದಾಟಿ ಮುಂದೆ ಹೋದರು. ವಿಲ್ನೆವ್ ಮತ್ತೆ ದಾಟಿದರು. ಹೀಗೆ ಹಲವು ಸಲ. ಇದು ಜನರನ್ನು ರಂಜಿಸುವ ಆಟವೆಂದೇ ವಿಲ್ನೆವ್ ಎಣಿಸಿದ್ದರಂತೆ. ತಾವು ಮುಂದೆ ಬಂದಾಗಲೆಲ್ಲ ವೇಗ ತಗ್ಗಿಸಿದರು. ಕೊನೆಯ ಸುತ್ತಿಗೆ ಮುಂದಾಗಿದ್ದವರೂ ಅವರೇ. ಇನ್ನು ಎಲ್ಲ ಸರಿಹೋಯಿತೆಂದು ನಂಬಿದ್ದಾಗ, ಟೋಸಾ ಎಂಬ ತಿರುವಿನ ಬಳಿ ಪಿರೋನಿ ಒಳಮಗ್ಗುಲಿನಿಂದ ನುಗ್ಗಿ ಮುಂದೆ ಹೋದರು. ಮತ್ತೆ ದಾಟಲು ಅವಕಾಶ ಸಿಗಲಿಲ್ಲ. ಗೆಲುವು ಪಿರೋನಿಯವರದಾಯಿತು.

ದಿಜೋಂನಲ್ಲಿ ಚಕ್ರಗಳು ತಾಗಿದರೂ ಗೆಳೆತನ ಉಳಿಯಿತು. ಇಮೋಲಾದಲ್ಲಿ ಡಿಕ್ಕಿಯೇ ಇರಲಿಲ್ಲ, ಗೆಳೆತನ ಮುರಿಯಿತು. ಇದನ್ನು ನಾನು ಅನೇಕ ಸಲ ಯೋಚಿಸಿದ್ದೇನೆ. ಎದುರಾಳಿಯಿಂದ ನಾವು ಏಟನ್ನು ನಿರೀಕ್ಷಿಸಿರುತ್ತೇವೆ. ಆ ಏಟು ಮೈಗೆ ತಾಗುತ್ತದೆ, ವಾಸಿಯಾಗುತ್ತದೆ. ನಮ್ಮವರೆಂದು ನಂಬಿ ಕಾವಲು ಬಿಟ್ಟ ಹೊತ್ತಿನಲ್ಲಿ ಬಿದ್ದ ಏಟು ಬೇರೆ ಬಗೆಯದು. ವಿಲ್ನೆವ್ ಅವರನ್ನು ನೋಯಿಸಿದ್ದು ಎರಡನೆಯ ಸ್ಥಾನವಲ್ಲ. ಎರಡನೆಯ ಸ್ಥಾನವನ್ನು ಅವರು ಹಿಂದೆ ತಾವಾಗಿಯೇ ಒಪ್ಪಿಕೊಂಡಿದ್ದವರು.

ಹಲಗೆ ಹಿಡಿದವರ ಪಾಲನ್ನೂ ಮರೆಯಬಾರದು. ಇಬ್ಬರಿಗೂ ಕೇಳುವಂತೆ, ಒಂದೇ ಅರ್ಥ ಬರುವಂತೆ ಹೇಳಬೇಕಾದವರು ಹೇಳಲಿಲ್ಲ. ಹಿರಿಯರು ಅರ್ಧಕ್ಕೆ ಬಿಟ್ಟ ಮಾತನ್ನು ಕಿರಿಯರು ತಮ್ಮ ತಮ್ಮ ಆಸೆಗೆ ತಕ್ಕಂತೆ ಪೂರ್ತಿ ಮಾಡಿಕೊಳ್ಳುತ್ತಾರೆ. ಜಮೀನಿನ ವಿಚಾರದಲ್ಲಿ, ಮನೆಯ ವಿಚಾರದಲ್ಲಿ, "ಅವರವರೇ ಸರಿಮಾಡಿಕೊಳ್ಳುತ್ತಾರೆ ಬಿಡಿ" ಎಂದು ತಂದೆ ತಾಯಂದಿರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಹಲಗೆ ಕಣ್ಣಮುಂದೆ ಬರುತ್ತದೆ.

ಬಹುಮಾನದ ವೇದಿಕೆಯ ಮೇಲೆ ವಿಲ್ನೆವ್ ಅವರ ಮುಖದಲ್ಲಿ ನಗೆಯಿರಲಿಲ್ಲ. ಇನ್ನು ತಮ್ಮ ಬದುಕಿನಲ್ಲಿ ಪಿರೋನಿಯೊಡನೆ ಮಾತಾಡುವುದಿಲ್ಲವೆಂದು ಪರಿಚಯದ ಪತ್ರಕರ್ತರೊಬ್ಬರಿಗೆ ಹೇಳಿದರು. ಆ ಮಾತನ್ನೂ ಅವರು ಉಳಿಸಿಕೊಂಡರು. ಅದಕ್ಕೆ ಹದಿಮೂರು ದಿನಗಳಷ್ಟೇ ಸಾಕಾದವು.

ಮೇ 8, ಶನಿವಾರ. ಬೆಲ್ಜಿಯಮ್ಮಿನ ಝೋಲ್ಡರ್‌ನಲ್ಲಿ ಮರುದಿನದ ಓಟಕ್ಕೆ ಅರ್ಹತಾ ಸುತ್ತು. ಪಿರೋನಿಯವರ ಸಮಯ ವಿಲ್ನೆವ್ ಅವರದಕ್ಕಿಂತ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಉತ್ತಮವಾಗಿತ್ತು. ಇನ್ನು ಕೆಲವೇ ನಿಮಿಷಗಳು ಉಳಿದಿದ್ದಾಗ ವಿಲ್ನೆವ್ ಮತ್ತೆ ಹೊರಟರು. ಮುಂದೆ ಜರ್ಮನಿಯ ಯೋಖೆನ್ ಮಾಸ್ ಅವರ ಕಾರು ನಿಧಾನವಾಗಿ ಹೋಗುತ್ತಿತ್ತು. ಹಿಂದಿನಿಂದ ಬರುವವರಿಗೆ ದಾರಿ ಬಿಡಲು ಮಾಸ್ ಬಲಕ್ಕೆ ಸರಿದರು. ಅದೇ ಕ್ಷಣದಲ್ಲಿ ವಿಲ್ನೆವ್ ಕೂಡ ಬಲಕ್ಕೇ ಸರಿದರು. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ದಾರಿ ಬಿಡಲೆಂದು ಒಂದೇ ಕಡೆಗೆ ಹೆಜ್ಜೆಯಿಡುವುದಿಲ್ಲವೇ, ಹಾಗೆ. ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗ. ಕಾರು ಗಾಳಿಗೆ ಹಾರಿ ಛಿದ್ರವಾಯಿತು. ವಿಲ್ನೆವ್ ಹೊರಕ್ಕೆ ಎಸೆಯಲ್ಪಟ್ಟರು. ಅಂದು ರಾತ್ರಿ ಲೂವೆನ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 32.

ಪಿರೋನಿಯ ಮೇಲಿನ ಕೋಪವೇ ಅವರನ್ನು ಕೊಂದಿತು ಎಂದು ಹೇಳುವವರಿದ್ದಾರೆ. ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಆಗ ಅವರು ವೇಗದ ಸುತ್ತಿನಲ್ಲಿರಲಿಲ್ಲ, ತಂಡದ ಬಿಡಾರಕ್ಕೆ ಮರಳುತ್ತಿದ್ದರು ಎಂದು ಫೆರಾರಿಯ ಹಿರಿಯ ಎಂಜಿನಿಯರ್ ಮೌರೊ ಫೋರ್ಗಿಯೇರಿ ಹೇಳಿದ್ದುಂಟು. ಒಬ್ಬನ ಸಾವಿಗೆ ಇನ್ನೊಬ್ಬನನ್ನು ಹೊಣೆ ಮಾಡುವುದು ಸುಲಭ. ಬದುಕಿ ಉಳಿದವನು ಆ ಹೊರೆಯನ್ನು ಹೇಗೆ ಹೊರುತ್ತಾನೆಂಬುದನ್ನು ನಾವು ಯೋಚಿಸುವುದಿಲ್ಲ.

ಪಿರೋನಿಯವರ ಕಥೆ ಅಲ್ಲಿಂದ ಮುಂದೆ ಓದಲು ಕಷ್ಟವಾಗುವಂಥದ್ದು. ಮರುದಿನದ ಓಟದಿಂದ ಫೆರಾರಿ ಹಿಂದೆ ಸರಿಯಿತು. ಜೂನ್ 13ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಓಟ. ವಿಲ್ನೆವ್ ಅವರ ತಾಯ್ನಾಡು. ಆ ಓಟದ ಮೈದಾನಕ್ಕೆ ಅವರದೇ ಹೆಸರನ್ನಿಟ್ಟಿದ್ದರು. ಅರ್ಹತಾ ಸುತ್ತಿನಲ್ಲಿ ಪಿರೋನಿ ಮೊದಲಿಗರಾದರು. ಆ ಸ್ಥಾನವನ್ನು ವಿಲ್ನೆವ್‌ಗೆ ಅರ್ಪಿಸಿದರು. ಓಟದ ಆರಂಭದಲ್ಲಿ ಅವರ ಕಾರು ಚಾಲೂ ಆಗದೆ ನಿಂತುಬಿಟ್ಟಿತು. ಹಿಂದಿನ ಸಾಲಿನಿಂದ ಬಂದ ಇಟಲಿಯ ತರುಣ ರಿಕಾರ್ಡೊ ಪಲೆಟ್ಟಿ ಅದನ್ನು ಕಾಣದೆ ಬಂದು ಅಪ್ಪಳಿಸಿದರು. ಪಿರೋನಿ ತಮ್ಮ ಕಾರಿನಿಂದಿಳಿದು ಅವರನ್ನು ಉಳಿಸಲು ಓಡಿದರು. ಪಲೆಟ್ಟಿ ಉಳಿಯಲಿಲ್ಲ.

ಆಗಸ್ಟ್ ತಿಂಗಳಿಗೆ ಪಿರೋನಿ 39 ಅಂಕಗಳೊಡನೆ ಎಲ್ಲರಿಗಿಂತ ಮುಂದಿದ್ದರು. ಬಯಸಿದ ಪಟ್ಟ ಕೈಗೆಟಕುವಷ್ಟು ಹತ್ತಿರ. ಆಗಸ್ಟ್ 7ರಂದು ಜರ್ಮನಿಯ ಹೊಕನ್‌ಹೈಮ್‌ನಲ್ಲಿ, ಮಳೆಯಲ್ಲಿ ನಡೆದ ಅಭ್ಯಾಸದ ಹೊತ್ತಿನಲ್ಲಿ, ನೀರಿನ ತುಂತುರಿನ ಹಿಂದೆ ಮರೆಯಾಗಿದ್ದ ಅಲೆನ್ ಪ್ರಾಸ್ಟ್ ಅವರ ಕಾರಿಗೆ ಹಿಂದಿನಿಂದ ಬಡಿದರು. ಮುಂದಿದ್ದ ಕಾರಿನ ಹಿಂಬದಿಗೆ ತಾಗಿ ಗಾಳಿಗೆ ಹಾರುವುದು: ಝೋಲ್ಡರ್‌ನಲ್ಲಿ ಆದದ್ದೇ ಇಲ್ಲಿಯೂ ಆಯಿತು. ಜೀವ ಉಳಿಯಿತು, ಕಾಲುಗಳು ನುಚ್ಚುನೂರಾದವು. ಮತ್ತೆಂದೂ ಫಾರ್ಮುಲಾ ಒನ್ ಓಟಕ್ಕೆ ಇಳಿಯಲಾಗಲಿಲ್ಲ. ಆ ವರ್ಷದ ಪಟ್ಟ 44 ಅಂಕ ಗಳಿಸಿದ ಕೆಕೆ ರೋಸ್‌ಬರ್ಗ್ ಅವರದಾಯಿತು; ಮೇಲೆ ಹೇಳಿದ ನಿಕೊ ಅವರ ಮಗ. ತಂಡಗಳ ಪ್ರಶಸ್ತಿಯನ್ನು ಆ ವರ್ಷ ಗೆದ್ದದ್ದು ಫೆರಾರಿ. ಮನೆ ಗೆದ್ದಿತು, ಮನೆಯ ಮಕ್ಕಳಿಬ್ಬರಲ್ಲಿ ಒಬ್ಬ ಮಣ್ಣಿನಲ್ಲಿ, ಇನ್ನೊಬ್ಬ ಆಸ್ಪತ್ರೆಯ ಮಂಚದ ಮೇಲೆ.

ಹಲವು ಶಸ್ತ್ರಚಿಕಿತ್ಸೆಗಳ ಬಳಿಕ ಪಿರೋನಿ ನಡೆದಾಡಿದರು. ಆಮೇಲೆ ಸಮುದ್ರದಲ್ಲಿ ವೇಗದ ದೋಣಿಗಳ ಪಂದ್ಯಕ್ಕೆ ಹೋದರು. 1987ರ ಆಗಸ್ಟ್ 23ರಂದು ಇಂಗ್ಲೆಂಡಿನ ವೈಟ್ ದ್ವೀಪದ ಬಳಿ ದೋಣಿ ಮಗುಚಿ, ಜೊತೆಗಿದ್ದ ಇಬ್ಬರೊಡನೆ ಅವರೂ ತೀರಿಕೊಂಡರು. ವಯಸ್ಸು 35. ಆಗ ಅವರ ಸಂಗಾತಿ ಗರ್ಭಿಣಿ. ಮುಂದಿನ ಜನವರಿಯಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ತಾಯಿ ಒಬ್ಬನಿಗೆ ದಿದಿಯೆ ಎಂದು ಹೆಸರಿಟ್ಟರು. ಇನ್ನೊಬ್ಬನಿಗೆ ಜಿಲ್ ಎಂದು.

ಈ ಭಾಗಕ್ಕೆ ಬಂದಾಗಲೆಲ್ಲ ನಾನು ಓದುವುದನ್ನು ನಿಲ್ಲಿಸುತ್ತೇನೆ. ಇಬ್ಬರು ಗಂಡಸರಿಂದ ಆಗದ ಕೆಲಸವನ್ನು ಒಬ್ಬ ತಾಯಿ, ತೊಟ್ಟಿಲಿನ ಬಳಿ, ಎರಡು ಹೆಸರುಗಳಿಂದ ಮಾಡಿದರು. ಆ ಜಿಲ್ ಪಿರೋನಿ ಬೆಳೆದು ಎಂಜಿನಿಯರ್ ಆದರು, ಮರ್ಸಿಡಿಸ್ ತಂಡವನ್ನು ಸೇರಿದರು. 2020ರ ಆಗಸ್ಟ್ 2ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಹ್ಯಾಮಿಲ್ಟನ್ ಕೊನೆಯ ಸುತ್ತಿನಲ್ಲಿ ಟೈರು ಒಡೆದರೂ ಗೆದ್ದಾಗ, ತಂಡದ ಪರವಾಗಿ ವೇದಿಕೆಯೇರಿ ಬಹುಮಾನ ಸ್ವೀಕರಿಸಿದವರು ಅವರೇ. ಜಿಲ್ ಎಂಬ ಹೆಸರೂ ಪಿರೋನಿ ಎಂಬ ಹೆಸರೂ ಅಂದು ಒಬ್ಬನೇ ಮನುಷ್ಯನಲ್ಲಿ ಕೂಡಿ ವೇದಿಕೆಯ ಮೇಲೆ ನಿಂತಿದ್ದವು.

ಹೊಕನ್‌ಹೈಮ್‌ನಲ್ಲಿ ಆ ಅಪಘಾತವನ್ನು ಕಣ್ಣಾರೆ ಕಂಡ ಪ್ರಾಸ್ಟ್ ಅವರಿಗೂ ಮುಂದೆ ಇಂಥದೇ ಪರೀಕ್ಷೆ ಬಂತು. 1988 ಮತ್ತು 1989ರಲ್ಲಿ ಮೆಕ್ಲಾರೆನ್ ತಂಡದಲ್ಲಿ ಅವರ ಜೊತೆಗಾರರು ಬ್ರೆಜಿಲ್‌ನ ಐರ್ಟನ್ ಸೆನ್ನಾ. ಮೊದಲ ವರ್ಷ 16 ಓಟಗಳಲ್ಲಿ 15ನ್ನು ಇವರಿಬ್ಬರೇ ಗೆದ್ದರು. ಎರಡನೆಯ ವರ್ಷ ಅದೇ ಇಮೋಲಾದಲ್ಲಿ ಒಂದು ಒಪ್ಪಂದ: ಆರಂಭದಲ್ಲಿ ಮುಂದಾದವರನ್ನು ಮೊದಲ ತಿರುವಿನಲ್ಲಿ ಇನ್ನೊಬ್ಬರು ದಾಟಬಾರದು. ಅಪಘಾತವೊಂದರಿಂದ ನಿಂತ ಓಟ ಮತ್ತೆ ಆರಂಭವಾದಾಗ ಪ್ರಾಸ್ಟ್ ಮುಂದಾದರು. ಅದೇ ಟೋಸಾ ತಿರುವಿನಲ್ಲಿ ಸೆನ್ನಾ ಅವರನ್ನು ದಾಟಿದರು. ಒಪ್ಪಂದ ಮೊದಲ ಆರಂಭಕ್ಕಷ್ಟೇ, ಮರು ಆರಂಭಕ್ಕಲ್ಲ ಎಂದು ಒಬ್ಬರು. ಮಾತು ಮಾತೇ ಎಂದು ಇನ್ನೊಬ್ಬರು. ಮಾತು ನಿಂತಿತು. 1989ರಲ್ಲಿ ಮತ್ತು 1990ರಲ್ಲಿ ಜಪಾನಿನ ಸುಝುಕಾದಲ್ಲಿ ಅವರಿಬ್ಬರ ಕಾರುಗಳು ಡಿಕ್ಕಿ ಹೊಡೆದುದನ್ನು ಜಗತ್ತೇ ನೋಡಿತು.

ಆದರೆ ಇವರಿಗೆ ಕಾಲ ಇನ್ನಷ್ಟು ಅವಕಾಶ ಕೊಟ್ಟಿತು. 1993ರಲ್ಲಿ ಪ್ರಾಸ್ಟ್ ಅವರ ಕೊನೆಯ ಓಟ ಮುಗಿದಾಗ, ಗೆದ್ದ ಸೆನ್ನಾ ಅವರನ್ನು ವೇದಿಕೆಯ ಮೇಲಿನ ಮೆಟ್ಟಿಲಿಗೆ ಕೈಹಿಡಿದು ಎಳೆದುಕೊಂಡರು. 1994ರ ಮೇ 1ರಂದು, ಮತ್ತೆ ಇಮೋಲಾದಲ್ಲಿ, ಓಟಕ್ಕೆ ಮುನ್ನ ಫ್ರೆಂಚ್ ದೂರದರ್ಶನಕ್ಕಾಗಿ ಕಾರಿನೊಳಗಿನಿಂದಲೇ ಮಾತಾಡುತ್ತ, ಗೆಳೆಯ ಅಲೆನ್‌ಗೆ ನಮಸ್ಕಾರ ಹೇಳಿ, ಅವರಿಲ್ಲದೆ ತಮಗೆ ಬೇಸರವೆಂದರು. ಅಂದೇ ಮಧ್ಯಾಹ್ನ ಸೆನ್ನಾ ತೀರಿಕೊಂಡರು. ಸಾವೊ ಪಾವ್ಲೊ ನಗರದಲ್ಲಿ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಒಬ್ಬರು. ಆ ಬೆಳಗಿನ ಎರಡು ಮಾತು ಇರದಿದ್ದರೆ ಆ ಹೆಗಲು ಎಷ್ಟು ಭಾರ ಹೊರಬೇಕಾಗಿತ್ತು!

ಇಷ್ಟು ದೂರದವರ ಕಥೆ ಹೇಳಿ ನನ್ನದನ್ನು ಮುಚ್ಚಿಟ್ಟರೆ ನ್ಯಾಯವಾಗದು. ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಾನೂ ನನ್ನ ಸಹಪಾಠಿಯೊಬ್ಬನೂ ಒಂದೇ ವಾಲಿಬಾಲ್ ತಂಡದಲ್ಲಿದ್ದೆವು. ಒಂದು ಅಂತಿಮ ಪಂದ್ಯಕ್ಕೆ ಮುನ್ನ, ಬಲೆಯ ಬಳಿ ಬರುವ ಎತ್ತರದ ಚೆಂಡು ನನ್ನದು ಎಂದು ಮಾತಾಗಿತ್ತು. ಹಾಗೆಂದು ನಾನು ತಿಳಿದಿದ್ದೆ. ಕೊನೆಯ ಚೆಂಡಿಗೆ ಅವನು ಹಾರಿ ಹೊಡೆದ. ನಾವು ಗೆದ್ದೆವು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತರು. ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ. ಒಂದೇ ಮೇಜಿನಲ್ಲಿ ಊಟ, ಒಂದೇ ಸಾಲಿನಲ್ಲಿ ಪ್ರಾರ್ಥನೆ, ಮಾತಿಲ್ಲ. ರಜೆಗೆ ಊರಿಗೆ ಹೊರಡುವ ಹಿಂದಿನ ರಾತ್ರಿ ಅವನು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಓದುತ್ತಿರಲಿಲ್ಲ, ಒಂದೇ ಸಾಲನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತು ನಿಂತು ಅವನು ಹೊರಟುಹೋದ. ರಜೆ ಮುಗಿದ ಮೇಲೆ ಗುರುಮಠಕ್ಕೆ ಮರಳಲಿಲ್ಲ. ಬೇರೆ ಬದುಕನ್ನು ಆರಿಸಿಕೊಂಡಿದ್ದ. ಅದನ್ನು ಹೇಳಲೆಂದೇ ಅಂದು ಬಂದಿದ್ದನೇನೋ.

ವಿಲ್ನೆವ್ ಮತ್ತು ಪಿರೋನಿಯವರ ಕಥೆಯನ್ನು ಓದಿದ ವಾರವೇ ಅವನ ವಿಳಾಸ ಹುಡುಕಿ ಕಾಗದ ಬರೆದೆ. ಅಷ್ಟರಲ್ಲಿ ಇಪ್ಪತ್ತು ವರ್ಷಗಳೇ ಕಳೆದಿದ್ದವು. ಆ ಚೆಂಡಿನ ಮಾತನ್ನೆಲ್ಲ ವಿವರವಾಗಿ ಬರೆದು ಕ್ಷಮೆ ಕೇಳಿದೆ. ಅವನ ಉತ್ತರ ಒಂದು ಪುಟದ್ದು. ಮನೆ, ಮಕ್ಕಳು, ಕೆಲಸ ಎಲ್ಲದರ ಬಗ್ಗೆ ಪ್ರೀತಿಯಿಂದ ಬರೆದಿದ್ದ. ಕೊನೆಯಲ್ಲಿ, ಆ ಪಂದ್ಯ ತನಗೆ ನೆನಪೇ ಇಲ್ಲವೆಂದೂ, ಆ ಬಾಗಿಲು ಮಾತ್ರ ನೆನಪಿದೆಯೆಂದೂ ಬರೆದಿದ್ದ.

ಮಾತು ತಪ್ಪಿದವನು ತಪ್ಪು ಮಾಡಿದನೋ, ಮಾತು ಬಿಟ್ಟವನು ಮಾಡಿದನೋ ಎಂದು ತೂಗುತ್ತ ಕುಳಿತರೆ ತಕ್ಕಡಿ ಎಂದಿಗೂ ನಿಲ್ಲುವುದಿಲ್ಲ. ಇಮೋಲಾದಲ್ಲಿ ಯಾರ ಅರ್ಥ ಸರಿ ಎಂದು ನಾಲ್ಕು ದಶಕಗಳ ಮೇಲೂ ವಾದ ನಡೆದೇ ಇದೆ. ಆ ಹದಿಮೂರು ದಿನಗಳಲ್ಲಿ ಯಾರಾದರೂ ಒಬ್ಬರು ಇನ್ನೊಬ್ಬರ ಬಾಗಿಲಿಗೆ ಹೋಗಿದ್ದರೆ ವಾದ ಮುಗಿಯುತ್ತಿತ್ತೆಂದು ನಾನು ಹೇಳಲಾರೆ. ಮಾತು ಜೀವ ಉಳಿಸುತ್ತಿತ್ತೆಂದೂ ಹೇಳಲಾರೆ. ಉಳಿದವನ ಹೊರೆ ಒಂದಿಷ್ಟು ಹಗುರವಾಗುತ್ತಿತ್ತು ಎಂಬುದನ್ನು ಮಾತ್ರ ಬಲ್ಲೆ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ಹುಡುಗನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮತ್ತೆ ನಿಮ್ಮ ಫ್ರೆಂಡನ್ನ ಭೇಟಿಯಾದ್ರಾ ಫಾದರ್?" ಎಂದು ಕೇಳಿದ. ಕಾಗದ ಬರೆಯುತ್ತಿರುತ್ತೇವೆ, ಭೇಟಿ ಇನ್ನೂ ಆಗಿಲ್ಲ ಎಂದೆ. "ಯಾಕೆ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳ ಮೊದಲ ವಾರಕ್ಕೆ ಬಸ್ಸಿನ ಟಿಕೆಟ್ ತೆಗೆಸಿದ್ದೇನೆ.